‘ಬಾಯಿ ಕಟ್ರಿ’: ಸಕ್ಕರೆ ಕಾಯಿಲೆಯವರ ಮನಸ್ಸಿನ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ನಮ್ಮ ಕಡೆ ನಾಗರ ಪಂಚಮಿ ಅಂದ್ರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಲಡಕಿ ಉಂಡಿ, ಡಬ್ಬಿಗಟ್ಟಲೆ. ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರ್ತಾರೆ, ಜೋಕಾಲಿ ಕಟ್ತಾರೆ. ಗಜೇಂದ್ರಗಡದ ನಮ್ಮ ಮನೆಯಲ್ಲೂ ಹಾಗೇ. ಕೆಲವು ವರ್ಷದ ಹಿಂದಿನ ಪಂಚಮಿ. ಅಕ್ಕ ಉಂಡಿಯ ತಾಟು ಹಿಡಿದು ಅಪ್ಪನ ಮುಂದೆ ನಿಂತಿದ್ದಳು. ಅಪ್ಪ ಕೈ ಚಾಚಿದ್ದರು. ನಾನು ಪಡಸಾಲೆಯಿಂದಲೇ ಅಂದೆ: “ಅಪ್ಪಾ, ಬಾಯಿ ಕಟ್ಟು ಅಂತ ಡಾಕ್ಟರ್ ಹೇಳ್ಯಾರಲ್ಲ. ಶುಗರ್ ಮುನ್ನೂರರ ಮ್ಯಾಲೆ ಐತಿ, ಮರ್ತಿಯೇನು?” ಮನೆ ತುಂಬ ಬೀಗರಿದ್ದರು. ಅಪ್ಪ ಕೈ ಹಿಂದಕ್ಕೆ ತಗೊಂಡರು. ಆ ದಿನ ಮಧ್ಯಾಹ್ನ ಊಟಕ್ಕೇ ಬರಲಿಲ್ಲ. ಅದಾದ ಮೇಲೆ ಎಷ್ಟೋ ತಿಂಗಳು ರಕ್ತ ಪರೀಕ್ಷೆಗೂ ಹೋಗಲಿಲ್ಲ. ಯಾಕೆ ಅಂದ್ರೆ, “ಹೋದರ ಮತ್ತ ಬೈಸ್ಕೋಬೇಕು.”

‘ಬಾಯಿ ಕಟ್ಟು’ ಅನ್ನೋ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ ಇವೆ. ಪಥ್ಯ ಮಾಡು ಅನ್ನೋದು ಒಂದು. ಮಾತಾಡದಂತೆ ಮಾಡು ಅನ್ನೋದು ಇನ್ನೊಂದು. ನಾನು ಹೇಳಿದ್ದು ಮೊದಲನೆಯದು, ಆಗಿದ್ದು ಎರಡನೆಯದು. ಸಕ್ಕರೆ ಕಾಯಿಲೆಯ ಚರಿತ್ರೆ ಓದ್ತಾ ಹೋದಾಗ ನನಗೆ ತಿಳಿದದ್ದು ಇದು: ಈ ತಪ್ಪು ನಮ್ಮ ಪಡಸಾಲೆಯದಷ್ಟೇ ಅಲ್ಲ. ವೈದ್ಯಶಾಸ್ತ್ರವೇ ಇದನ್ನ ನೂರಾರು ವರ್ಷ ಮಾಡಿದೆ. ಈ ಸಂಚಿಕೆ ಅದರ ಬಗ್ಗೆ.

ಮೊದಲು ನಮ್ಮ ಹಳೆಯ ಗ್ರಂಥಗಳು. ಪ್ರಮೇಹ, ಮಧುಮೇಹ ಅನ್ನೋ ಹೆಸರು ಚರಕ, ಸುಶ್ರುತ ಸಂಹಿತೆಗಳಲ್ಲೇ ಇವೆ. ಮೂತ್ರಕ್ಕೆ ಇರುವೆ ಮುತ್ತೋದನ್ನೂ ಅವರು ಗಮನಿಸಿದ್ದರು. ಅದೆಲ್ಲ ಶಾಲೆ ಪುಸ್ತಕದಲ್ಲೂ ಬರುತ್ತೆ. ಬರದೇ ಇರೋದು ಮನಸ್ಸಿನ ವಿಷಯ. ಚರಕ ಸಂಹಿತೆ ಒಂದು ಕಡೆ, ವ್ಯಾಯಾಮವನ್ನೂ ಚಿಂತೆಯನ್ನೂ ಬಿಟ್ಟು ಸುಖವಾಗಿ ಕೂತು, ಮಲಗಿ, ಜಿಡ್ಡಿನ ಊಟ ಮಾಡುವವನಿಗೆ ಮಧುಮೇಹ ಬರುತ್ತೆ ಅನ್ನುತ್ತೆ. ಅಂದ್ರೆ ಚಿಂತೆ ಇಲ್ಲದ್ದೇ ಕಾರಣ! ಇನ್ನೊಂದು ಕಡೆ, ವಾತದಿಂದ ಬರುವ ಪ್ರಮೇಹದ ಕಾರಣಗಳ ಪಟ್ಟಿಯಲ್ಲಿ ಉಪವಾಸ, ನಿದ್ದೆಗೆಡೋದರ ಜೊತೆ ಉದ್ವೇಗ ಮತ್ತು ಶೋಕವನ್ನೂ ಸೇರಿಸುತ್ತೆ. ಒಂದೇ ಗ್ರಂಥದಲ್ಲಿ ಎರಡೂ ಇವೆ. ಒಬ್ಬ ತಿಂದು ಮಲಗಿದವನು, ಇನ್ನೊಬ್ಬ ದುಃಖದಲ್ಲಿ ಬೆಂದವನು. ನಮ್ಮ ಊರ ಬಾಯಲ್ಲಿ ಉಳಿದದ್ದು ಮೊದಲನೆಯವನು ಮಾತ್ರ. ಊಟದ ಆಸೆಬುರುಕನಿಗೆ, ನಡೆಯಲು ಬೇಸರಪಡುವವನಿಗೆ ಪ್ರಮೇಹ ಬೇಗ ಬರುತ್ತೆ ಅಂತ ಚರಕ ಹೇಳಿದ್ದು ನಮಗೆ ಚೆನ್ನಾಗಿ ನೆನಪಿದೆ, ಓದದೇ ಇದ್ದರೂ.

ಸುಶ್ರುತ ಹೇಳೋ ಚಿಕಿತ್ಸೆ ಇನ್ನೂ ಯೋಚನೆಗೆ ಹಚ್ಚುತ್ತೆ. ಬಡ ರೋಗಿಯಾದರೆ ಚಪ್ಪಲಿ, ಛತ್ರಿ ಇಲ್ಲದೆ, ಭಿಕ್ಷೆ ಎತ್ತಿ ಉಣ್ಣುತ್ತ, ಒಂದೂರಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಶ್ಯಾಮಾಕ, ನೀವಾರದಂಥ ಕಾಡುಧಾನ್ಯ ತಿಂದು ಜಿಂಕೆಗಳ ಜೊತೆ ಇರಬೇಕು. ಇಲ್ಲವೇ ಬಾವಿ ತೋಡಬೇಕು. ಮೈಗೆ ದುಡಿಮೆ ಕೊಡು ಅನ್ನೋದು ಇವತ್ತಿನ ವೈದ್ಯರೂ ಒಪ್ಪೋ ಮಾತು. ಆದರೆ ಇದರೊಳಗೆ ಇನ್ನೊಂದು ಸಂಗತಿ ಅಡಗಿದೆ: ರೋಗಿ ಮನೆ ಬಿಟ್ಟು ಹೋಗಬೇಕು. ಹಬ್ಬ, ಪಂಕ್ತಿ, ಮಕ್ಕಳು ಎಲ್ಲದರಿಂದ ದೂರ. ಒಂಟಿತನವೂ ಔಷಧದ ಭಾಗ ಆಗಿತ್ತು.

ಈಗ ಸಮುದ್ರ ದಾಟೋಣ. 1670ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಈ ಮೂತ್ರ ಜೇನಿನಷ್ಟು ಸಿಹಿ ಅಂತ ಬರೆದ. ಕಾಯಿಲೆಗೆ ದೀರ್ಘಕಾಲದ ದುಃಖವೂ ಒಂದು ಕಾರಣ ಅಂದ. ಮಧುಮೇಹ ಮತ್ತು ಮನಸ್ಸಿನ ಸಂಬಂಧದ ಬಗ್ಗೆ ಇವತ್ತಿಗೂ ಯಾರೇ ಬರೆದರೂ ಮೊದಲ ಸಾಲಲ್ಲಿ ವಿಲ್ಲಿಸ್ ಬರ್ತಾನೆ. ಆದರೆ ಅವನು ಕೇಳಿದ್ದು ದುಃಖದಿಂದ ಕಾಯಿಲೆ ಬರುತ್ತಾ ಅಂತ. ಕಾಯಿಲೆಯಿಂದ ಎಂಥ ದುಃಖ ಬರುತ್ತೆ ಅಂತ ಕೇಳೋಕೆ ಇನ್ನೂ ಮುನ್ನೂರು ವರ್ಷ ಬೇಕಾಯ್ತು.

ನಡುವಿನ ಕಾಲ ಬೀಗದ ಕಾಲ. ರೂಪಕ ಅಲ್ಲ, ನಿಜವಾದ ಬೀಗ. 1870–71ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಊಟಕ್ಕೆ ಬರ ಬಂದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನ ಬುಷಾರ್ದಾ ಎಂಬ ವೈದ್ಯ ಗಮನಿಸಿದ. ಕಡಿಮೆ ತಿಂದರೆ ಸಕ್ಕರೆ ಇಳಿಯುತ್ತೆ, ಸರಿ. ಇಟಲಿಯ ಕಂಟಾನಿ ಅನ್ನೋ ವೈದ್ಯ ಇನ್ನೂ ಮುಂದೆ ಹೋಗಿ, ರೋಗಿ ಕದ್ದು ತಿನ್ನಬಾರದು ಅಂತ ಕೋಣೆಗೆ ಬೀಗ ಹಾಕಿಸಿದ. ವೈದ್ಯ ಪೊಲೀಸನಾದ, ರೋಗಿ ಕಳ್ಳನಾದ. ಪಂಚಮಿ ದಿನ ಪಡಸಾಲೆಯಲ್ಲಿ ನಾನು ನಿಂತಿದ್ದೂ ಅದೇ ಜಾಗದಲ್ಲಿ.

ಅಮೆರಿಕದಲ್ಲಿ ಫ್ರೆಡರಿಕ್ ಅಲೆನ್ ಇದನ್ನ ಪೂರ್ತಿ ವಿಜ್ಞಾನ ಮಾಡಿದ. ಮೊದಲು ಉಪವಾಸ, ಆಮೇಲೆ ಅಳೆದು ತೂಗಿದ ಚೂರು ಊಟ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಮಕ್ಕಳ ಆಯುಷ್ಯವನ್ನ ಒಂದೆರಡು ವರ್ಷ ಎಳೆಯೋಕೆ ಅದೊಂದೇ ದಾರಿ, ಹಾಗಾಗಿ ಅವನನ್ನ ಕ್ರೂರಿ ಅನ್ನಲಾರೆ. ಅವನೇ ದಾಖಲಿಸಿದ ಒಂದು ಪ್ರಕರಣ ಇದೆ. ಹನ್ನೆರಡು ವರ್ಷದ ಹುಡುಗ, ಕಣ್ಣು ಕಾಣಲ್ಲ. ಹಾಸಿಗೆ ಬಿಟ್ಟು ಏಳೋ ಶಕ್ತಿ ಇಲ್ಲ. ಊಟ ಅಷ್ಟು ಬಿಗಿ ಇದ್ದರೂ ಮೂತ್ರದಲ್ಲಿ ಸಕ್ಕರೆ ಬರ್ತಿದೆ. ಹೇಗೆ? ಆಮೇಲೆ ಗೊತ್ತಾಯ್ತು: ಹಲ್ಲುಜ್ಜೋ ಪೇಸ್ಟ್ ತಿಂದಿದ್ದ. ಜೊತೆಗೆ, ಆಟಕ್ಕೆ ಅಂತ ಬೇಡಿ ಪಡೆದ ಪಂಜರದ ಹಕ್ಕಿಯ ಕಾಳು ತಿಂದಿದ್ದ. ವೈದ್ಯರ ಲೆಕ್ಕದಲ್ಲಿ ಅದು ಪಥ್ಯ ಮುರಿದದ್ದು. ಆ ಹುಡುಗ ಕೊನೆಗೆ ಹಸಿವಿನಿಂದಲೇ ಸತ್ತ. ಈ ಪ್ರಕರಣ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸುಳ್ಳು ಹೇಳಲ್ಲ.

1922ರ ಜನವರಿ 11. ಕೆನಡಾದ ಟೊರಾಂಟೊ ಆಸ್ಪತ್ರೆ. ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು. ಮೊದಲನೆಯದು ಅಷ್ಟು ಫಲಿಸಲಿಲ್ಲ. 23ರಂದು ಶುದ್ಧಮಾಡಿದ ಔಷಧ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಆ ಮೊದಲ ಸೂಜಿಯಿಂದ ಲೆಕ್ಕ ಹಾಕಿದರೆ 24ನೇ ದಿನ, ಫೆಬ್ರವರಿ 4ಕ್ಕೆ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ರೋಣದಲ್ಲಿ ಒಂದು ಗಂಡು ಕೂಸು ಹುಟ್ಟಿತು, ಭೀಮಸೇನ ಜೋಶಿ. ಎರಡಕ್ಕೂ ಏನೂ ಸಂಬಂಧ ಇಲ್ಲ. ಆದರೆ ಇನ್ಸುಲಿನ್ ಎಷ್ಟು ಹೊಸದು ಅಂತ ನಮ್ಮೂರವರಿಗೆ ಹೇಳೋಕೆ ನನಗೆ ಇದಕ್ಕಿಂತ ಒಳ್ಳೆ ಲೆಕ್ಕ ಸಿಗಲಿಲ್ಲ. ಭೀಮಸೇನರ ವಯಸ್ಸೇ ಇನ್ಸುಲಿನ್ ವಯಸ್ಸು.

ಅದೇ 1922ರ ಆಗಸ್ಟ್‌ನಲ್ಲಿ ಟೊರಾಂಟೊಕ್ಕೆ ಬಂದ ಇನ್ನೊಬ್ಬ ಹುಡುಗಿ ಎಲಿಜಬೆತ್ ಹ್ಯೂಸ್. ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು, ಅಲೆನ್‌ನ ರೋಗಿ. ಹದಿನೈದರ ಹೊಸ್ತಿಲಲ್ಲಿದ್ದ ಅವಳ ತೂಕ ಸುಮಾರು 20 ಕಿಲೊ. ಇನ್ಸುಲಿನ್ ಸಿಕ್ಕಿತು, ಬದುಕಿದಳು. ಓದಿದಳು, ಮದುವೆಯಾದಳು, ಮಕ್ಕಳಾದವು, 1981ರವರೆಗೆ ಬಾಳಿದಳು. ನಲವತ್ತು ಸಾವಿರಕ್ಕೂ ಹೆಚ್ಚು ಸಲ ಸೂಜಿ ಚುಚ್ಚಿಕೊಂಡಿರಬೇಕು ಅಂತ ಲೆಕ್ಕ. ಇಲ್ಲಿವರೆಗೆ ಪವಾಡದ ಕಥೆ. ಆದರೆ ಆಕೆ ಜೀವನವಿಡೀ ತನಗೆ ಸಕ್ಕರೆ ಕಾಯಿಲೆ ಇದೆ ಅನ್ನೋದನ್ನ ಬಚ್ಚಿಟ್ಟಳು. ತೀರಾ ಹತ್ತಿರದ ಕೆಲವರಿಗಷ್ಟೇ ಗೊತ್ತಿತ್ತು. ಸೊರಗಿದ ದಿನಗಳ ತನ್ನ ಫೋಟೊಗಳನ್ನೂ ನಾಶಮಾಡಿದಳಂತೆ. ಜಗತ್ತಿಗೇ ಇನ್ಸುಲಿನ್ನಿನ ಗೆಲುವಾಗಿದ್ದವಳು ಅದನ್ನ ಅರವತ್ತು ವರ್ಷ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಬದುಕಿದಳು. ದೊಡ್ಡ ಮನೆತನ, ಹಣ, ಒಳ್ಳೆ ವೈದ್ಯರು ಎಲ್ಲ ಇದ್ದೂ.

ಹೀಗಿರುವಾಗ ನರಗುಂದದ ಹತ್ತಿರದ ಯಾವುದೋ ಹಳ್ಳಿಯಲ್ಲಿ, ಟೈಪ್ 1 ಮಧುಮೇಹ ಇರೋ ಮಗಳನ್ನ ಮದುವೆಗೆ ನಿಲ್ಲಿಸೋ ತಾಯಿ ಇನ್ಸುಲಿನ್ ಬಾಟ್ಲಿಯನ್ನ ಬಟ್ಟೆಯಲ್ಲಿ ಸುತ್ತಿ ಮಡಕೆ ಹಿಂದೆ ಇಟ್ಟರೆ, ಅದನ್ನ ಅಜ್ಞಾನ ಅಂತ ಹೇಗೆ ಅನ್ನೋದು? ಅವಳಿಗೆ ಭಯ ಇರೋದು ಕಾಯಿಲೆಯದಲ್ಲ, ಬಾಯಿಗಳದು.

ಇನ್ಸುಲಿನ್ ಬಂದ ಮೇಲೆ ವೈದ್ಯರು ಮನಸ್ಸಿನ ವಿಷಯ ಮರೆತೇಬಿಟ್ಟರು ಅಂತಲ್ಲ. ನೆನೆದರು, ಆದರೆ ತಲೆಕೆಳಗಾಗಿ. 1930ರ ದಶಕದಲ್ಲಿ ವಿಲಿಯಂ ಮೆನ್ನಿಂಜರ್‌ನಂಥ ಅಮೆರಿಕದ ಮನೋವೈದ್ಯರು ಈ ಕಾಯಿಲೆಯ ಮೂಲವನ್ನ ಮನಸ್ಸಿನಲ್ಲಿ ಹುಡುಕಿದರು. ಮಧುಮೇಹಿಗಳದ್ದೇ ಒಂದು ಸ್ವಭಾವ ಇದೆ ಅನ್ನೋ ವಾದ ಕೆಲವು ದಶಕ ನಡೆಯಿತು. ಆಮೇಲಿನ ಸಂಶೋಧನೆಯಲ್ಲಿ ಅಂಥ ಸ್ವಭಾವ ಯಾವುದೂ ಕಾಣಲಿಲ್ಲ. ಮತ್ತೆ ಅದೇ ಹಳೇ ಮಾತು ನೋಡಿ, ಹೊಸ ಕೋಟು ಹಾಕ್ಕೊಂಡು ಬಂದಿತ್ತು: ನಿನ್ನ ಗುಣದಿಂದ ನಿನಗೆ ಬಂತು.

ಬಾಸ್ಟನ್ ನಗರದ ಎಲಿಯಟ್ ಜಾಸ್ಲಿನ್ ಇನ್ನೊಂದು ದಾರಿ ಹಿಡಿದ. ರೋಗಿಗೆ ಕಲಿಸಬೇಕು, ರೋಗಿಯೇ ತನ್ನ ಕಾಯಿಲೆ ನಡೆಸಬೇಕು ಅನ್ನೋದು ಅವನ ನಂಬಿಕೆ. ಊಟ, ವ್ಯಾಯಾಮ, ಇನ್ಸುಲಿನ್ ಇವು ರಥದ ಮೂರು ಕುದುರೆ, ರೋಗಿ ಸಾರಥಿ ಅಂತ ಅವನ ಹೋಲಿಕೆ. ಬಹಳ ದೊಡ್ಡ ಮನುಷ್ಯ, ಅನುಮಾನ ಇಲ್ಲ. ಆದರೆ ಕುದುರೆಗಳ ಬಗ್ಗೆ ಅಷ್ಟು ಬರೆದ ಕಾಲದಲ್ಲಿ ಸಾರಥಿಗೆ ದಣಿವಾಗುತ್ತಾ, ಅವನು ರಾತ್ರಿ ಮಲಗ್ತಾನಾ ಅಂತ ಕೇಳಿದವರು ಕಡಿಮೆ. ಈ ರಥಕ್ಕೆ ರಜೆ ಇಲ್ಲ. ಜ್ವರಕ್ಕೆ ಐದು ದಿನ ಗುಳಿಗೆ ನುಂಗಿದರೆ ಮುಗೀತು. ಇದಕ್ಕೆ ದಿನಾ, ಮೂರು ಹೊತ್ತು, ಸಾಯೋವರೆಗೆ.

ಆಮೇಲೆ ಬಂದದ್ದು ಅಂಕಿ. ಮನೆಯಲ್ಲೇ ಬೆರಳು ಚುಚ್ಚಿ ನೋಡೋ ಯಂತ್ರ, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆ. ನಮ್ಮ ಕಡೆ ಒಂದು ರೂಢಿ ಇತ್ತು: ಡಾಕ್ಟರ್ ಹತ್ರ ಹೋಗೋ ಹಿಂದಿನ ಎರಡು ದಿನ ಅರೆಹೊಟ್ಟೆ ಇದ್ದು, ಶುಗರ್ ಇಳಿಸಿಕೊಂಡು ಹೋಗೋದು. ಈ ಹೊಸ ಪರೀಕ್ಷೆ ಆ ಆಟ ಮುರಿಯಿತು. ಚಿಕಿತ್ಸೆಗೆ ಅದು ಒಳ್ಳೆಯದೇ. ಆದರೆ ಎರಡು ದಿನ ಹಸಿದು ಹೋಗೋ ಮನುಷ್ಯ ಮೋಸ ಮಾಡ್ತಿದ್ದಾನೆ ಅಂತ ನನಗನ್ನಿಸಲ್ಲ. ಅವನು ಬೈಗುಳಕ್ಕೆ ಹೆದರಿದ್ದಾನೆ, ಅಷ್ಟೇ. ರಿಪೋರ್ಟ್ ಕೈಗೆ ಬಂದ ದಿನ ಅಪ್ಪನ ಮುಖ ನೋಡಿದ್ದೀನಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ ಹುಡುಗನ ಮುಖ.

1995ಕ್ಕೆ ಬರೋಣ. ಅದೇ ಜಾಸ್ಲಿನ್ ಹೆಸರಿನ ಕೇಂದ್ರದಲ್ಲಿ ವಿಲಿಯಂ ಪೊಲೊನ್‌ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರರು 24 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಮಧುಮೇಹದ ಜೊತೆ ಬದುಕೋದರಲ್ಲಿ ಯಾವುದು ನಿಮಗೆ ಎಷ್ಟು ಭಾರ ಅಂತ ಕೇಳೋ ಪ್ರಶ್ನೆಗಳು. ಪಥ್ಯ ತಪ್ಪಿದಾಗ ಅಪರಾಧ ಮಾಡಿದ ಹಾಗೆ ಅನ್ನಿಸುತ್ತಾ, ಮುಂದೆ ಏನಾಗುತ್ತೋ ಅಂತ ಹೆದರಿಕೆ ಇದೆಯಾ, ಒಬ್ಬಂಟಿ ಅನ್ನಿಸುತ್ತಾ, ಮನೆಯವರು ಬೆನ್ನಿಗಿಲ್ಲ ಅನ್ನಿಸುತ್ತಾ, ದಿನಾ ಇದನ್ನೇ ಮಾಡಿ ಮಾಡಿ ಸಾಕಾಗಿದೆಯಾ. ಸಾವಿರಾರು ವರ್ಷದ ಚರಿತ್ರೆಯಲ್ಲಿ ಪ್ರಶ್ನೆ ಕೊನೆಗೂ ಸರಿಯಾದ ಕಡೆ ತಿರುಗಿತು. ‘ಯಾಕೆ ತಿಂದೆ’ ಅಲ್ಲ, ‘ಎಷ್ಟು ಭಾರ ಆಗಿದೆ’.

ಈ ಭಾರ ಮತ್ತು ಖಿನ್ನತೆ ಎರಡೂ ಒಂದೇ ಅಲ್ಲ, ಇದು ಮುಖ್ಯ. ಖಿನ್ನತೆ ಅನ್ನೋದು ಕಾಯಿಲೆ. ಮಧುಮೇಹ ಇರುವವರಲ್ಲಿ ಅದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಅಂತ 2001ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಕಂಡಿತು. ಅದಕ್ಕೆ ಔಷಧ, ಸಮಾಲೋಚನೆ ಬೇಕು. ಆದರೆ ಖಿನ್ನತೆ ಇಲ್ಲದ, ಹೊಲಕ್ಕೆ ಹೋಗುವ, ನಗುವ, ಭಜನೆಗೆ ಕೂರುವ ಮನುಷ್ಯನಿಗೂ ಶುಗರ್ ವಿಷಯ ಬಂದ ಕೂಡಲೇ ಎದೆ ಭಾರ ಆಗಬಹುದು. ಅದು ಹುಚ್ಚಲ್ಲ, ಸೋಮಾರಿತನ ಅಲ್ಲ. ಮಾಡೋ ಕೆಲಸ ಅಷ್ಟು ದೊಡ್ಡದಿದೆ.

ಆ ಕೆಲಸ ನಮ್ಮ ಈ ಮೂರು ತಾಲೂಕಿನಲ್ಲಿ ಹೇಗಿದೆ ನೋಡಿ. ರೋಣ, ನರಗುಂದದ ಎರಿ ಭೂಮಿ ಜೋಳದ ನಾಡು. ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ನವಣೆ, ಸಾವಿ. 1970ರ ದಶಕದಿಂದ ಮಲಪ್ರಭಾ ಕಾಲುವೆ ನೀರು ಬಂತು, ಹೊಲದ ಬೆಳೆ ಬದಲಾಯ್ತು. ಆಮೇಲೆ ರೇಶನ್ ಅಕ್ಕಿ ಬಂತು, ತಾಟಿನಲ್ಲೂ ಬದಲಾಯ್ತು. ಅನ್ನ ಬಿಡ್ರಿ ಅಂತ ಡಾಕ್ಟರ್ ಅಂತಾರೆ. ಮನೆಯಲ್ಲಿ ಪುಕ್ಕಟೆ ಬರೋದು ಅಕ್ಕಿ. ರೊಟ್ಟಿ ಬಡಿಯೋಕೆ ಕೈಯಲ್ಲಿ ಕಸುವು ಬೇಕು, ಬಡಿಯೋ ಅವ್ವನಿಗೇ ಶುಗರ್. ಗಂಡನಿಗೆ ಶುಗರ್ ಬಂದರೆ ಹೆಂಡತಿ ಬೇರೆ ಪಲ್ಯ ಮಾಡ್ತಾಳೆ. ಹೆಂಡತಿಗೆ ಬಂದರೆ ಬೇರೆ ಅಡಿಗೆ ಯಾರು ಮಾಡ್ತಾರೆ? ಮಗ್ಗದ ಮುಂದೆ ಕೂರುವ ಗಜೇಂದ್ರಗಡದ ನೇಕಾರನಿಗೆ ಅಂಗಾಲು ಜೋಮು ಹಿಡಿದರೆ, ಅದು ಬರೀ ಕಾಲಿನ ಚಿಂತೆ ಅಲ್ಲ.

ನರಗುಂದಕ್ಕೆ ಹೋದವರು ಹುತಾತ್ಮ ರೈತರ ವೀರಗಲ್ಲು ನೋಡಿರ್ತೀರಿ. 1980ರ ಜುಲೈ 21ರ ಬಂಡಾಯ, ಮಲಪ್ರಭಾ ಕಾಲುವೆ ಪ್ರದೇಶದ ರೈತರ ಮೇಲೆ ಹೇರಿದ ಕರದ ವಿರುದ್ಧ. ಪ್ರತಿವರ್ಷ ಆ ದಿನ ಜನ ಸೇರ್ತಾರೆ. 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತವರೂ ಇದೇ ಊರವರು. ನೀರು ಕೊಡ್ರಿ ಅಂತ ಸರ್ಕಾರದ ಎದುರು ಎದೆ ಸೆಟೆದು ನಿಲ್ಲುವ ಊರು ಇದು. ಇಂಥ ಊರಲ್ಲೂ ನನಗೆ ಸಾಕಾಗೇತಿ, ಅಂಜಿಕಿ ಆಗತೈತಿ ಅಂತ ಒಬ್ಬ ಹಿರಿಯ ತನ್ನ ಮಗನ ಎದುರು ಹೇಳಲ್ಲ.

ಹೇಳಬೇಕು ಅಂದ್ರೆ ಎಲ್ಲಿ? ಇಲ್ಲಿ ಕರ್ನಾಟಕದ್ದೇ ಒಂದು ಹೆಮ್ಮೆಯ ಕಥೆ ಇದೆ. ಮನಸ್ಸಿನ ಚಿಕಿತ್ಸೆ ಹಳ್ಳಿಗೆ ಹೋಗಬೇಕು ಅಂತ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಪ್ರಯೋಗ ಶುರು ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಗಜೇಂದ್ರಗಡದಿಂದ ಕೊಪ್ಪಳ ದಾಟಿದರೆ ಆಚೆಗೆ ಅದೇ ಸೀಮೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು, ಅಲ್ಲೇ ಔಷಧ ಸಿಗುವ ಹಾಗೆ ಮಾಡಿದರು. ‘ಬಳ್ಳಾರಿ ಮಾದರಿ’ ಅಂತ ಹೆಸರಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ ಆಯ್ತು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಹೆಸರಲ್ಲಿ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ತಂದಿತು. ಇತ್ತ ಮಧುಮೇಹ, ಬಿಪಿ, ಕ್ಯಾನ್ಸರ್‌ಗಾಗಿ ಬೇರೆಯೇ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಗಿತ್ತು. ಎರಡೂ ಒಳ್ಳೆಯವೇ. ಆದರೆ ಎರಡು ಕಾರ್ಯಕ್ರಮ, ಎರಡು ರಿಜಿಸ್ಟರ್, ಎರಡು ಬಾಗಿಲು. ಶುಗರ್ ಬಾಗಿಲಲ್ಲಿ ಮನಸ್ಸಿನ ಮಾತಿಗೆ ಪುರುಸೊತ್ತಿಲ್ಲ. ಮಂಗಳವಾರದ ಬಾಗಿಲಿಗೆ ಹೋದರೆ ನೋಡಿದವರು ಏನಂದಾರು ಅನ್ನೋ ಅಳುಕು.

ಎರಡನ್ನ ಕೂಡಿಸಿದರೆ ಏನಾಗುತ್ತೆ ಅನ್ನೋದನ್ನೂ ನಮ್ಮ ದೇಶದಲ್ಲೇ ನೋಡಿದ್ದಾರೆ. ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ನಾಲ್ಕು ಚಿಕಿತ್ಸಾಲಯಗಳಲ್ಲಿ, ಸಕ್ಕರೆ ಹತೋಟಿಗೆ ಬಾರದ, ಜೊತೆಗೆ ಖಿನ್ನತೆಯ ಲಕ್ಷಣ ಇದ್ದ 404 ಜನರ ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಹೆಚ್ಚಿಗೆ ಒಬ್ಬ ಸಂಯೋಜಕ: ಆಗಾಗ ಮಾತಾಡಿಸೋದು, ಮನಸ್ಸು ಹೇಗಿದೆ ಅಂತಲೂ ಶುಗರ್ ಎಷ್ಟಿದೆ ಅಂತಲೂ ಒಟ್ಟಿಗೆ ಕೇಳೋದು, ತಜ್ಞರ ಜೊತೆ ಕೂತು ಚಿಕಿತ್ಸೆ ಹೊಂದಿಸೋದು. ಎರಡು ವರ್ಷದ ಕೊನೆಗೆ, ಮನಸ್ಸಿನ ಜೊತೆಗೇ ಸಕ್ಕರೆ, ಬಿಪಿ ಅಥವಾ ಕೊಲೆಸ್ಟ್ರಾಲ್ ಕೂಡ ಸುಧಾರಿಸಿದವರು ಎರಡನೇ ಗುಂಪಿನಲ್ಲೇ ಹೆಚ್ಚು. ಹಳ್ಳಿಯಲ್ಲೂ ಹೀಗೆ ಮಾಡಬಹುದಾ ಅಂತ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ನೆರವಿನಿಂದ ಪ್ರಯತ್ನ ಮಾಡಿದ್ದಾರೆ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಇಷ್ಟು ಜನರಿಗೆ ಮನೋವೈದ್ಯರು ಎಲ್ಲಿಂದ ಬರಬೇಕು? ಹಾಗಾಗಿ ಆಶಾ ಅಕ್ಕನ ಒಂದು ಪ್ರಶ್ನೆಗೂ ಬೆಲೆ ಇದೆ.

ಮನೆಯಲ್ಲಿ ಶುಗರ್ ಇರೋರಿದ್ದರೆ ಎರಡು ಮಾತು ಹೇಳಿಬಿಡ್ತೀನಿ. ಊಟ ತಡವಾದಾಗ ಇದ್ದಕ್ಕಿದ್ದಂತೆ ಸಿಟ್ಟು, ಬೆವರು, ಕೈ ನಡುಕ, ತಡವರಿಸೋ ಮಾತು ಕಂಡರೆ ವಾದಕ್ಕೆ ನಿಲ್ಲಬೇಡಿ. ಇನ್ಸುಲಿನ್ ಅಥವಾ ಕೆಲವು ಗುಳಿಗೆ ತಗೊಳ್ಳೋರಿಗೆ ಶುಗರ್ ತೀರಾ ಇಳಿದಾಗ ಹೀಗಾಗುತ್ತೆ. ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕೊಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು, ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕು ಸಾಕು ಅನ್ನೋ ಮಾತು ಬರ್ತಿದ್ದರೆ ತಡಮಾಡಬೇಡಿ. ತಾಲೂಕು ಆಸ್ಪತ್ರೆಗೆ ಹೋಗಿ, ಇಲ್ಲವೇ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆ ಪ್ರಶ್ನೆಗಳನ್ನ ನಾನು ಒಂದು ಸಂಜೆ ನಮ್ಮ ಮಾತಿಗೆ ಹೊರಳಿಸಿ ಅಪ್ಪನಿಗೆ ಓದಿದೆ. ಮೊದಲೆಲ್ಲ “ಹಂಗೇನಿಲ್ಲ ಬಿಡು” ಅಂದರು. ತಿನ್ನಬಾರದ್ದು ತಿಂದಾಗ ಕಳ್ಳತನ ಮಾಡಿದಂಗ ಅನಿಸತೈತೇನು ಅಂತ ಕೇಳಿದಾಗ ಸುಮ್ಮನಾದರು. ಮನೆಯವರು ತಾಟು ನೋಡ್ತಾರ ಅಂತ ಬ್ಯಾಸರ ಆಗತೈತೇನು ಅನ್ನೋದು ಪಟ್ಟಿಯಲ್ಲಿಲ್ಲ, ಅದನ್ನ ನಾನೇ ಸೇರಿಸಿದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತಾದ ಮೇಲೆ ಕೇಳಿದರು:

“ಇದನ್ನ ಬರದಾಂವ ಯಾವೂರಾಂವಪಾ? ಅವಂಗೂ ಸಕ್ರಿ ಬ್ಯಾನಿ ಐತೇನು?”